ರಜೆಯಲ್ಲಿದ್ದ ಚೆರಿ ಗಿಡ

ಅಬುಧಾಬಿಯ ಹೋಟೆಲೊಂದರಲ್ಲಿ ಹೂವು ಜೋಡಿಸುವ ಕೆಲಸ ನನ್ನದು. "ಇಲ್ಲಿ ಚಳಿ ಮಾಫಿ ಹಬೀಬಿ, ಇಲ್ಲವೇ ಇಲ್ಲ, ಚೆರಿ ಹೇಗೆ ಹಣ್ಣು ಬಿಡುತ್ತದೆ?" ಎಂದು, ಚೆರಿ ಬೆಳೆಸುವ ನನ್ನ ಆಸೆ ಕೇಳಿ ನಮ್ಮ ಹೋಟೆಲಿನ ಲೆಬನಾನಿ ಶೆಫ್ ನಕ್ಕಿದ್ದ. ಹಠಕ್ಕೆ ಬಿದ್ದು, ಜೋಡಿ ಗಿಡವಿಲ್ಲದೆಯೂ ಕಾಯಿ ಕಟ್ಟುವ ಜಾತಿಯೊಂದನ್ನು ಕುಂಡ ಸಮೇತ ಮೂರು ತಿಂಗಳು ಹೂವಿನ ಕೋಲ್ಡ್ ರೂಮಿನಲ್ಲಿಟ್ಟೆ. ಎಲೆ ಉದುರಿದ ಬರೀ ಕಡ್ಡಿ ಕಂಡು ನನ್ನ ಹಾಗೆ ಮಂಗಳೂರಿನವರೇ ಆದ ಮ್ಯಾನೇಜರ್ ರೇಗಿದರು. "ಈ ಸತ್ತ ಗಿಡ ಇಲ್ಲಿ ಯಾಕೆ ಮಾರಾಯಾ?"

"ಸತ್ತದ್ದಲ್ಲ ಸರ್, ರಜೆಯಲ್ಲಿ ಉಂಟು. ರಜೆ ಕೊಡದಿದ್ದರೆ ಅದು ಹೂ ಬಿಡುವುದಿಲ್ಲ."

ಹೊರಗಿಟ್ಟ ಮೇಲೆ ಮೈತುಂಬಾ ಬಿಳಿ ಹೂ ಬಂತು, ಏಪ್ರಿಲ್‌ನಲ್ಲಿ ಕಡುಗೆಂಪು ಹಣ್ಣು. ಶೆಫ್ ಒಂದನ್ನು ಬಾಯಿಗೆ ಹಾಕಿ ಕಣ್ಣು ಮುಚ್ಚಿದ. "ನಮ್ಮೂರಿನದೇ ರುಚಿ," ಎಂದು ಬೀಜವನ್ನು ಜೇಬಿಗಿಳಿಸಿದ.

ಅದೇ ಹುರುಪಿನಲ್ಲಿ ನನ್ನ ರಜೆ ಅರ್ಜಿಯನ್ನೂ ಮುಂದಿಟ್ಟೆ. ಮ್ಯಾನೇಜರ್ ಹಣ್ಣು ಚೀಪುತ್ತಲೇ ಸಹಿ ಹಾಕಿದರು. ಗಿಡಕ್ಕೆ ಸಿಕ್ಕಿದಷ್ಟು ದಿನ ಮಾತ್ರ ನನಗೆ ಸಿಗಲಿಲ್ಲ.