ತಳ ಸೇರದ ದರ್ಜಿ

ಆ ಬೀದಿಯ ದರ್ಜಿ ಎಷ್ಟು ದಪ್ಪವೆಂದರೆ, ಅವನು ಹೊಲಿಗೆ ಯಂತ್ರದ ಮುಂದೆ ಕೂತರೆ ಅಂಗಡಿಯಲ್ಲಿ ಗಿರಾಕಿ ನಿಲ್ಲಲು ಜಾಗವಿರುತ್ತಿರಲಿಲ್ಲ. ಮಂಡಿನೋವಿಗೆ ಈಜೇ ಮದ್ದೆಂದು ವೈದ್ಯರು ಹೇಳಿದಾಗ ಈಜು ಬಾರದ ಅವನು ಹೆದರಿದ. ಒಣಕಡ್ಡಿಯಂತಿದ್ದ ಭಾವಮೈದುನ ಹಲ್ಲು ಕಿರಿದ.

“ಭಾವ, ನೀವು ಇಳಿದ್ರೆ ಗುಂಡುಕಲ್ಲಿನ ಹಾಗೆ ನೇರ ತಳಕ್ಕೇ! ನಾನೂ ಬರ್ತೀನಿ, ಎತ್ತೋಕೆ ಒಬ್ರು ಬೇಕಲ್ಲ.”

ಈಜುಕೊಳದಲ್ಲಿ ಕಲಿಸುವಾಕೆ ಇಬ್ಬರನ್ನೂ ಇಳಿಸಿ, ಉಸಿರು ತುಂಬಿಕೊಂಡು ಅಂಗಾತ ಮಲಗಲು ಹೇಳಿದಳು. ದರ್ಜಿ ಹೆಂಡತಿ ಮಕ್ಕಳನ್ನು ನೆನೆದು ಕಣ್ಣು ಮುಚ್ಚಿದ. ಕಣ್ಣು ಬಿಟ್ಟರೆ, ಹೊಟ್ಟೆ ದ್ವೀಪದಂತೆ ನೀರಿನ ಮೇಲಿತ್ತು. ಮುಳುಗುತ್ತೇನೆಂದರೂ ನೀರು ಬಿಡಲೊಲ್ಲದು. ಪಕ್ಕದಲ್ಲಿ ಭಾವಮೈದುನ ಮಾತ್ರ ಕಾಲಿನಿಂದ ಶುರುವಾಗಿ ಮೂಗಿನವರೆಗೂ ಇಳಿದು, ಕೆಮ್ಮುತ್ತಾ ಎದ್ದು ನಿಂತ.

“ಇದೇನ್ ನ್ಯಾಯ ಮೇಡಂ? ಅವರು ನನ್ನ ಎರಡರಷ್ಟು ಭಾರ!”

ಆಕೆ ನಕ್ಕಳು. “ನೀರು ಬರೀ ತೂಕ ನೋಡಲ್ಲಪ್ಪಾ. ನಾವು ಎಷ್ಟು ನೀರನ್ನ ಪಕ್ಕಕ್ಕೆ ಸರಿಸ್ತೀವೋ, ಅಷ್ಟು ನೀರಿನ ತೂಕದ ಬಲದಿಂದ ಅದು ನಮ್ಮನ್ನ ಮೇಲಕ್ಕೆ ತಳ್ಳುತ್ತೆ. ಇವರು ಭಾರ ನಿಜ, ಆದ್ರೆ ಜಾಗಾನೂ ಜಾಸ್ತಿ ಹಿಡೀತಾರೆ. ಕೊಬ್ಬು ನೀರಿಗಿಂತ ಹಗುರ. ನೀನೋ, ಬರೀ ಮೂಳೆ!”

ದರ್ಜಿಗೆ ಹಿಗ್ಗೋ ಹಿಗ್ಗು. ಬುದ್ಧಿ ಬಂದಾಗಿನಿಂದ ಅವನನ್ನು ಯಾರೂ ಹೊಟ್ಟೆಯ ಕಾರಣಕ್ಕೆ ಹೊಗಳಿರಲಿಲ್ಲ. ಮಂಡಿಯ ನೋವೂ ಮಾಯ. ಅವಧಿ ಮುಗಿದ ಗಂಟೆ ಬಾರಿಸಿದ ಮೇಲೆ ಉಳಿದವರೆಲ್ಲ ಹತ್ತಿ ಹೋದರೂ ಅವನು ಏಳಲಿಲ್ಲ.

“ಭಾವ, ಸಾಕು ಬನ್ನಿ, ಚಳಿ ಆಗ್ತಿದೆ!”

“ನೀನು ನಡಿಯಪ್ಪಾ. ನಾನು ಇಲ್ಲೇ ಮಲಗಿದ್ದೀನಿ ಅಂತ ನಿಮ್ಮಕ್ಕನಿಗೆ ಹೇಳು,” ಎಂದವನೇ ದರ್ಜಿ ಮತ್ತೆ ಕಣ್ಣು ಮುಚ್ಚಿದ.