ಚೋಕ್ ಹಿಡಿದು ನಿಂತ ಬೆಳಗು

ಇಂದು ಬೀದರಿನ ನಮ್ಮ ಮನೆಯಂಗಳದಲ್ಲಿ ಹುಲ್ಲು ಕತ್ತರಿಸುವ ಯಂತ್ರ ಒಮ್ಮೆ ಅಬ್ಬರಿಸಿ, ಒಮ್ಮೆ ಕುಗ್ಗಿ, ಓಡತೊಡಗಿತು. ಮೊಮ್ಮಗಳು ಅದನ್ನು ನಿಲ್ಲಿಸಿ ಎಣ್ಣೆಗೆ ಗಾಳಿ ಬೆರೆಸುವ ಕಾರ್ಬ್ಯುರೇಟರ್ ಬಿಚ್ಚಿದಳು. ಎಣ್ಣೆಯ ವಾಸನೆ ಕಿಟಕಿಯ ಬಳಿ ಕುಳಿತ ನನ್ನ ಮೂಗಿಗೆ ಬಡಿದೊಡನೆ ನಾನು ಮತ್ತೆ ಹುಡುಗಿಯಾಗಿ ಸಂತಪುರದ ನಮ್ಮ ಬಾವಿಯ ಬಳಿ ನಿಂತಿದ್ದೆ.

ಅಲ್ಲಿ ನೀರೆತ್ತುವ ಎಂಜಿನ್ನಿಗೂ ಇದೇ ರೋಗವಿತ್ತು. ಅಪ್ಪ ಸೀಮೆಎಣ್ಣೆಯನ್ನು ತಮ್ಮ ಹಳೆಯ ಧೋತರದಲ್ಲಿ ಸೋಸಿ ಸುರಿಯುತ್ತಿದ್ದರು. ಅದರ ನೂಲೆಳೆಗಳು ಎಣ್ಣೆ ಹರಿಯುವ ಸಣ್ಣ ರಂಧ್ರದಲ್ಲಿ ಸಿಕ್ಕಿಕೊಳ್ಳುತ್ತಿದ್ದವು. ಆಗ ಯಾರಾದರೂ ಗಾಳಿಯನ್ನು ತಡೆಯುವ ಚೋಕಿನ ಹಿಡಿಯನ್ನು ಅರ್ಧಕ್ಕೆ ಎಳೆದು ನಿಂತರೆ ಮಾತ್ರ ಎಂಜಿನ್ನು ಸಮವಾಗಿ ಓಡುತ್ತಿತ್ತು. ಆ ಕೆಲಸ ನನ್ನದು.

ಏಳನೆಯ ತರಗತಿಯ ಪರೀಕ್ಷೆಯ ದಿನವೂ ಅಪ್ಪ ನನ್ನನ್ನು ಅಲ್ಲಿ ನಿಲ್ಲಿಸಿ, ಮೆಣಸಿನ ಮಡಿಗಳಿಗೆ ನೀರು ತಿರುವಲು ಹೋದರು. ಕಾದ ಹಿಡಿ ಬೆರಳನ್ನು ಸುಡುತ್ತಿತ್ತು. ಔರಾದಿಗೆ ಹೋಗುವ ಬಸ್ಸಿನ ಹೊತ್ತಾಗಿತ್ತು. ಕೈ ಬಿಟ್ಟರೆ ಎಂಜಿನ್ನು ನಿಲ್ಲುತ್ತಿತ್ತು. ಬಿಡದಿದ್ದರೆ ನನ್ನ ಓದು.

“ಅಪ್ಪಾ, ಬಸ್ ಬರ್ತದರಿ!” ಎಂದು ಕೂಗಿದೆ.

“ಬಸ್ ನಾಳಿಗೂ ಬರ್ತದ. ಕೈ ಬಿಡಬ್ಯಾಡ!”

ಬಾವಿಯ ಪಕ್ಕದ ನಮ್ಮ ಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದ ಅವ್ವ ಹಿಟ್ಟಿನ ಕೈಯಲ್ಲೇ ಹೊರಬಂದಳು. “ಪರೀಕ್ಷಾನೂ ನಾಳಿಗಿ ಬರ್ತದೇನ್ರಿ? ಧೋತರದಾಗ ಸೋಸೋರು ನೀವು, ಶಿಕ್ಷಾ ಈ ಪೋರಿಗೇನ್ರಿ?” ಎಂದು ಅಪ್ಪನತ್ತ ಕೂಗಿ, ನನ್ನನ್ನು ಪಕ್ಕಕ್ಕೆ ಸರಿಸಿ ಹಿಡಿಯನ್ನು ತಾನೇ ಹಿಡಿದಳು. “ನೀ ಓಡವ್ವ.”

ಓಡಿದೆ. ರಸ್ತೆಯಲ್ಲಿ ಬಸ್ಸಿಗಾಗಿ ಕಾಯುತ್ತ ನಿಂತಾಗಲೂ ಎಂಜಿನ್ನಿನ ಸದ್ದು ಕೇಳಿಸುತ್ತಿತ್ತು. ಒಮ್ಮೆಯೂ ತಗ್ಗದೆ, ಒಂದೇ ಸಮನೆ. ನಾನು ಪಾರಾಗಿದ್ದೆ, ಅವ್ವ ಅಲ್ಲೇ ನಿಂತಿದ್ದಳು.

ಮೊಮ್ಮಗಳು ರಂಧ್ರ ಶುಚಿಗೊಳಿಸಿ ಯಂತ್ರವನ್ನು ಮತ್ತೆ ಚಾಲೂ ಮಾಡಿದ್ದಾಳೆ. ಸದ್ದು ಈಗ ಸಮವಾಗಿದೆ, ಅಂದು ಅವ್ವ ಹಿಡಿ ಹಿಡಿದು ನಿಂತಾಗಿನಂತೆ. ನಾನು ಕಿಟಕಿ ಮುಚ್ಚಿಕೊಂಡು ಕುಳಿತಿದ್ದೇನೆ.