ಸಾಹೇಬನಿಗೆ ಜೊತೆ

ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳ ಆ ಹಾಸ್ಟೆಲ್ಲಿನಲ್ಲಿ ಯಾರು ಯಾರ ಜೊತೆ ಇರಬೇಕೆಂದು ತೀರ್ಮಾನಿಸುವವಳು ವಾರ್ಡನ್ನು. ಹೊಸಬಳು ಬಂದರೆ ಓದು, ಸಂಬಳ ಒಂದನ್ನೂ ಕೇಳುತ್ತಿರಲಿಲ್ಲ. ಎದುರಿಗೆ ಕೂರಿಸಿಕೊಂಡು, "ಫ್ಯಾನು ಜೋರಾಗಿ ಬೇಕಾ, ಮೆಲ್ಲಗಾ? ಒದ್ದೆ ಟವೆಲ್ ಎಲ್ಲಿ ಹಾಕ್ತೀಯ? ಫೋನ್ ಬಂದ್ರೆ ರೂಮಲ್ಲೇ ಮಾತಾಡ್ತೀಯೋ, ಎದ್ದು ಹೊರಗೆ ಹೋಗ್ತೀಯೋ?" ಎಂದು ಪೊಲೀಸರ ಹಾಗೆ ವಿಚಾರಿಸುತ್ತಿದ್ದಳು. ಆಕೆಯ ಸಿದ್ಧಾಂತ ಒಂದೇ: ಒಂದೇ ಥರದವರು ಒಂದೇ ಕೋಣೆಗೆ. ನರ್ಸಿಗೆ ನರ್ಸು, ಬಾಯಿಬಡುಕಿಗೆ ಬಾಯಿಬಡುಕಿ, ಗೊರಕೆಯವಳಿಗೆ ಗೊರಕೆಯವಳು. ನಗಬೇಡಿ, ಜಗಳ ನಿಜವಾಗಿಯೂ ಕಡಿಮೆಯಿತ್ತು. ಊರಿಗೆಲ್ಲ ಜೊತೆ ಹುಡುಕಿಕೊಟ್ಟ ಈ ಮಹಾತಾಯಿ ಮಾತ್ರ ಗೇಟಿನ ಪಕ್ಕದ ಕೋಣೆಯಲ್ಲಿ ಒಂದು ಮಂಚ, ಒಂದು ಕುರ್ಚಿ ಹಾಕಿಕೊಂಡು ಒಬ್ಬಳೇ ಇದ್ದಳು.

ಕೆಲಸ ಬದಲಾಯಿಸಿ ಹೊರಟ ಹುಡುಗಿಯೊಬ್ಬಳು ತನ್ನ ಮೀನನ್ನು ದೊಡ್ಡ ಗಾಜಿನ ತೊಟ್ಟಿಯ ಸಮೇತ ಹಾಸ್ಟೆಲ್ಲಿನ ಆಫೀಸಿನಲ್ಲಿ ಬಿಟ್ಟುಹೋಗಿದ್ದಳು. ಅಂಗೈಯಗಲದ ಕೆಂಪು ಮೀನು, ಉಬ್ಬಿದ ಹಣೆ. ಯಾರಾದರೂ ಗಾಜಿನ ಹತ್ತಿರ ಬೆರಳು ತಂದರೆ ಸಾಕು, ಕೆನ್ನೆ ಉಬ್ಬಿಸಿಕೊಂಡು ಮೇಲೇರಿ ಬರುತ್ತಿತ್ತು. ಹುಡುಗಿಯರು ಅದಕ್ಕೆ ಸಾಹೇಬ ಎಂದು ಹೆಸರಿಟ್ಟಿದ್ದರು.

ಇಷ್ಟು ದಿನ ಇಲ್ಲದ ಕನಿಕರ ಸಾಹೇಬನ ಮೇಲೆ ವಾರ್ಡನ್ನಿಗೆ ಹುಟ್ಟಿದ್ದು ನಿವೃತ್ತಿ ಹತ್ತಿರ ಬಂದಾಗ. ತಿಂಗಳ ಕೊನೆಗೆ ಕೋಣೆ ಖಾಲಿ ಮಾಡಬೇಕು, ಹೊಸ ವಾರ್ಡನ್ ಬರುತ್ತಾಳೆ. ಸ್ವಂತ ಮನೆ ಎಂಬುದು ಇಲ್ಲ. ಅಕ್ಕ ದಿನಾ ಫೋನು ಮಾಡುತ್ತಿದ್ದಳು. ಅವಳೂ ಒಂಟಿ, ಸ್ಕೂಲಿನ ಹೆಡ್‌ಮಿಸ್ ಆಗಿ ನಿವೃತ್ತಳಾದವಳು.

"ಎಲ್ಲಿಗೆ ಹೋಗ್ತೀಯ ನೀನು? ಇಲ್ಲೇ ಬಾ. ನಾವಿಬ್ರೂ ಒಂದೇ ಥರ, ಏನು ತೊಂದ್ರೆ?"

ತನ್ನದೇ ಸಿದ್ಧಾಂತ! ಏನು ಹೇಳುತ್ತಾಳೆ? "ನೋಡೋಣ ಅಕ್ಕಾ" ಎಂದು ಫೋನಿಟ್ಟು ಸಾಹೇಬನ ಮುಂದೆ ಕೂತಳು. ಒಂಟಿತನ ಯಾರಿಗೂ ಬೇಡಪ್ಪ ಅನ್ನಿಸಿತು.

ಅದೇ ವಾರ ಮೀನಿನ ಅಂಗಡಿಗೆ ಹೋಗಿ, ಅದೇ ಬಣ್ಣ, ಅದೇ ಗಾತ್ರ, ಅದೇ ಉಬ್ಬುಹಣೆಯ ಮೀನೊಂದನ್ನು ಹುಡುಕಿ ಹುಡುಕಿ ಆರಿಸಿ ತಂದಳು. ಅಡುಗೆಯವಳು ಕೈ ಒರೆಸಿಕೊಳ್ಳುತ್ತ ಬಂದು, "ಅಯ್ಯೋ ಮೇಡಂ, ಒಂದೇ ಅಚ್ಚಲ್ಲಿ ತೆಗೆದಂಗಿವೆ!" ಎಂದಳು. ಈ ಅಡುಗೆಯವಳು ಬಾಯಿ ಮುಚ್ಚಿದ್ದನ್ನು ಕಂಡವರಿಲ್ಲ. ಹುಡುಗಿಯರು ಅವಳನ್ನು ರೇಡಿಯೋ ಅನ್ನುತ್ತಿದ್ದರು. ವಾರ್ಡನ್ ಹೆಮ್ಮೆಯಿಂದ ನಕ್ಕಳು.

ಬೆಳಿಗ್ಗೆ ನೋಡಿದರೆ ಹೊಸ ಮೀನು ಮೂಲೆಯಲ್ಲಿ ಮಗುಚಿಕೊಂಡಿತ್ತು. ರೆಕ್ಕೆ, ಬಾಲ ಎಲ್ಲ ಚಿಂದಿ. ಕೈಯಾರೆ ಕೊಂದೆನಲ್ಲ ಎಂದು ಆಕೆ ಅತ್ತೇಬಿಟ್ಟಳು.

ಅಂಗಡಿಯವನು ಕೇಳಿ ಹಣೆ ಚಚ್ಚಿಕೊಂಡ. "ನಿಮ್ಮನೇಲಿ ಇಂಥದ್ದೇ ಒಂದಿದೆ ಅಂತ ಮೊದ್ಲೇ ಹೇಳೋದಲ್ವಾ ಅಮ್ಮಾ? ತನ್ನ ಥರದ್ದನ್ನ ಕಂಡ್ರೇ ಅದಕ್ಕಾಗಲ್ಲ. ತನ್ನ ಜಾಗ ಕಿತ್ಕೊಳ್ಳೋಕೆ ಬಂತು ಅಂದ್ಕೊಳ್ಳತ್ತೆ. ಬಣ್ಣ ಬೇರೆ, ಆಕಾರ ಬೇರೆ, ಓಡಾಡೋ ಜಾಗಾನೂ ಬೇರೆ ಇದ್ರೆ ಅಷ್ಟಾಗಿ ತಲೆ ಕೆಡಿಸ್ಕೊಳ್ಳಲ್ಲ. ಆದ್ರೆ ಬಾಯಲ್ಲಿ ಹಿಡಿಯೋ ಅಷ್ಟು ಚಿಕ್ಕದು ಬೇಡ, ನುಂಗಿಬಿಡತ್ತೆ."

ನೀರಿನ ಮೇಲ್ಭಾಗದಲ್ಲಿ ಚುರುಕಾಗಿ ಓಡಾಡುವ ದೊಡ್ಡ ಬೆಳ್ಳಿಮೀನುಗಳನ್ನೂ, ತಳದಲ್ಲಿ ಗಾಜಿಗೆ ಅಂಟಿಕೊಂಡಿರುವ ಕಪ್ಪನೆಯ ಒರಟು ಮೀನೊಂದನ್ನೂ ಕೊಟ್ಟ. ಸಾಹೇಬನನ್ನು ಮೊದಲು ಬಕೆಟ್ಟಿಗೆ ಹಾಕಿ, ಒಳಗಿನ ಕಲ್ಲುಗಳನ್ನೆಲ್ಲ ಜಾಗ ಬದಲಾಯಿಸಿ, ಹೊಸಬರನ್ನು ಬಿಟ್ಟು, ಅವನನ್ನು ಕೊನೆಗೆ ಬಿಡಬೇಕಂತೆ. "ಆಮೇಲೂ ಕಚ್ಚಿದ್ರೆ ನನ್ನ ಕೇಳ್ಬೇಡಿ. ಕೆಲವು ಒಂಟಿಯಾಗಿದ್ರೇನೇ ಸುಖ" ಎಂದೂ ಸೇರಿಸಿದ.

ವಾರ್ಡನ್ನೂ ರೇಡಿಯೋನೂ ಮೊಣಕೈವರೆಗೆ ಒದ್ದೆ ಮಾಡಿಕೊಂಡು ಎಲ್ಲ ಮುಗಿಸಿದರು. ಒಳಗೆ ಬಂದ ಸಾಹೇಬ ತನ್ನ ಕಲ್ಲು ಹುಡುಕಿದ, ಸಿಗಲಿಲ್ಲ. ಬೆಳ್ಳಿಮೀನುಗಳ ಮೇಲೆ ನುಗ್ಗಿದ, ಅವು ಕೈಗೆ ಸಿಗುವ ಪೈಕಿಯೇ ಅಲ್ಲ. ಕಪ್ಪುಮೀನಿಗೆ ಗುದ್ದಿದ, ಅದು ಜಪ್ಪಯ್ಯ ಅಂದರೂ ಕದಲಲಿಲ್ಲ. ಸುಸ್ತಾಗಿ ಒಂದು ಮೂಲೆ ಹಿಡಿದ. ಮರುದಿನವೂ ಅಟ್ಟಾಡಿಸಿದ, ಆದರೆ ಯಾರ ರೆಕ್ಕೆಯೂ ಹರಿಯಲಿಲ್ಲ.

ಅಂಗಡಿಯವನ ಮಾತು ನಿಜವಾದದ್ದು ಕಂಡು ವಾರ್ಡನ್ನಿಗೆ ಸಮಾಧಾನವಾಗುವ ಬದಲು ಭಯವಾಯಿತು. ಅಕ್ಕನಿಗೆ ಜ್ವರ ಬಂದಿದ್ದಾಗ ಒಂದು ವಾರ ಅವಳ ಮನೆಯಲ್ಲಿದ್ದದ್ದು ನೆನಪಾಯಿತು. ಬೀಗದ ಕೈ ಯಾವ ಮೊಳೆಗೆ ತೂಗುಹಾಕಬೇಕು ಎಂಬಲ್ಲಿಂದ ಶುರುವಾದ ಮಾತು ಎಲ್ಲೆಲ್ಲಿಗೋ ಹೋಗಿ, ಆಮೇಲೆ ಎಷ್ಟೋ ತಿಂಗಳು ಇಬ್ಬರೂ ಮಾತೇ ಬಿಟ್ಟಿದ್ದರು. ಇಬ್ಬರಿಗೂ ಮೂಗಿನ ತುದಿಯಲ್ಲೇ ಕೋಪ. ಇಬ್ಬರೂ ಬದುಕಿಡೀ ಅಪ್ಪಣೆ ಕೊಟ್ಟವರೇ. ಒಂದು ಮನೆಯಲ್ಲಿ ಕೂಡಿದರೆ ಕೇಳುವವರು ಯಾರು? ಮನೆ ಸಿಗುತ್ತದೆ ಎಂದು ಹೋಗಿ ಇದ್ದೊಬ್ಬ ಅಕ್ಕನನ್ನೇ ಕಳೆದುಕೊಂಡರೆ?

ಇದನ್ನೆಲ್ಲ ಅಡುಗೆಮನೆಯಲ್ಲಿ ಹೇಳಿಕೊಂಡಾಗ ರೇಡಿಯೋ ಪಾತ್ರೆ ಉಜ್ಜುವುದನ್ನು ನಿಲ್ಲಿಸಿದಳು. "ನಮ್ಮನೆ ಮೇಲೊಂದು ರೂಮು ಖಾಲಿ ಇದೆ. ಬಾಡಿಗೆ ಕೊಟ್ಕೊಂಡು ಇರಿ. ಆದ್ರೆ ಈಗ್ಲೇ ಹೇಳ್ಬಿಡ್ತೀನಿ, ನಾನು ಇಡೀ ದಿನ ಮಾತಾಡ್ತೀನಿ."

"ಆಡ್ಕೋ ಮಾರಾಯ್ತಿ. ಇಷ್ಟು ವರ್ಷ ನಾನೇನು ಕೇಳಿಸ್ಕೊಂಡಿದೀನಾ?"

ಇನ್ನು ಉಳಿದದ್ದು ಅಕ್ಕನಿಗೆ ಹೇಳುವುದು. ಮಾತನ್ನು ಹತ್ತು ಸಲ ಬಾಯಿಪಾಠ ಮಾಡಿ ಫೋನು ಹಚ್ಚಿದಳು. ಅಕ್ಕ ಹಲೋ ಅಂದದ್ದೇ ತಡ, ಎಲ್ಲ ಮರೆತುಹೋಯಿತು.

"ಅಕ್ಕಾ, ನಾನು ಬರಲ್ಲ. ಒಂದೇ ಮನೇಲಿದ್ರೆ ಜಗಳ ಆಡಿ ಮತ್ತೆ ಮಾತು ಬಿಡ್ತೀವಿ. ನಂಗಿರೋದು ನೀನೊಬ್ಳೇ. ಮನೆ ಎಲ್ಲಾದ್ರೂ ಸಿಗತ್ತೆ."

ಮುಗಿಯಿತು, ಅಕ್ಕ ನೊಂದುಕೊಂಡಳು ಎಂದು ಇವಳ ಕಣ್ಣು ತುಂಬಿತು.

"ಅಬ್ಬಾ, ಬದುಕಿದೆ ಕಣೇ!" ಎಂದಳು ಅಕ್ಕ. "ಕರೀದಿದ್ರೆ ತಪ್ಪಾಗತ್ತೆ ಅಂತ ಕರೆದೆ. ನೀನೆಲ್ಲಿ ಹೂಂ ಅಂದುಬಿಡ್ತೀಯೋ ಅಂತ ನಂಗೆ ನಿದ್ದೇನೇ ಇಲ್ಲ!"

ಇಬ್ಬರೂ ಬಿದ್ದು ಬಿದ್ದು ನಕ್ಕರು. ಪ್ರತಿ ಭಾನುವಾರ ಬಂದು ಸಂಜೆಗೆ ಹೊರಡುವುದು ಎಂದು ಇವಳಂದರೆ, ಸಂಜೆ ಯಾಕೆ, ಊಟ ಆದಕೂಡ್ಲೇ ಹೊರಡು ಎಂದಳು ಅಕ್ಕ. ಮತ್ತೆ ನಗು.

ಫೋನಿಟ್ಟ ಮೇಲೆ ಆಕೆ ಕಣ್ಣೊರೆಸಿಕೊಂಡು ಮೀನುಗಳಿಗೆ ಆಹಾರ ಹಾಕಲು ಎದ್ದಳು. ಎದೆಯ ಭಾರ ಇಳಿದಿತ್ತು, ನಿಜ. ಆದರೂ ಅಕ್ಕ ಒಂದೇ ಒಂದು ಸಲ "ಇಲ್ಲ, ಬಾರೇ" ಅನ್ನಬಹುದಿತ್ತು.